ಗೈಡಿನಲ್ಲಿಲ್ಲದ ಅರ್ಜಿ

ಗೈಡಿನ ಪ್ರಬಂಧ ಬಾಯಿಪಾಠ ಮಾಡಬೇಡಿ, ಒಂದು ಮಾತಿಗೆ ಇನ್ನೊಂದು ಕೂಡಿಬರುವಂತೆ ಸ್ವಂತ ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಅತಿಥಿ ಶಿಕ್ಷಕಿ ಹತ್ತನೇ ತರಗತಿಯಲ್ಲಿ ವರ್ಷವಿಡೀ ಗಂಟಲು ಹರಿದುಕೊಂಡಿದ್ದಳು. ಒಬ್ಬರೂ ಬರೆಯಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಹೆಡ್‌ಮಾಸ್ಟರು ಅವಳನ್ನು ಕರೆಸಿ, ಒಂದು ಇಂಗ್ಲಿಷ್ ಅರ್ಜಿಯನ್ನು ಮುಂದಿಟ್ಟರು. ಈ ಟೀಚರ್ ನೋಟ್ಸ್ ಕೊಡುವುದಿಲ್ಲ, ನಾವೆಲ್ಲ ಫೇಲಾಗುತ್ತೇವೆ, ಇವರನ್ನು ಕೆಲಸದಿಂದ ಬಿಡಿಸಿ ಎಂದಿತ್ತು. ಕೆಳಗೆ ಇಡೀ ತರಗತಿಯ ಸಹಿ. ಈ ಕೆಲಸವೂ ಹೋದರೆ ಮುಂದೇನು ಎಂದುಕೊಂಡಳು.

"ನಮ್ಮ ಹುಡುಗ್ರಿಗೆ ಇಷ್ಟು ಚೆನ್ನಾಗಿ ಬರೆಯೋಕೆ ಎಲ್ಲಿ ಬರುತ್ತೆ ಮೇಡಂ? ನಿಮಗಾಗದವ್ರು ಯಾರೋ ಬರೆದುಕೊಟ್ಟಿದ್ದಾರೆ. ಹೌದು ಅಂದ್ಬಿಡಿ, ಹರಿದುಹಾಕ್ತೀನಿ. ನಿಮ್ಮ ಕೆಲಸ ಉಳಿಯುತ್ತೆ."

ಅವಳು ಮತ್ತೊಮ್ಮೆ ಓದಿದಳು. ಮೊದಲು ಕಷ್ಟ, ಆಮೇಲೆ ಕಾರಣ, ಕೊನೆಗೆ ಕೋರಿಕೆ. ಗೈಡಿನ ಒಂದು ಸಾಲೂ ಇರಲಿಲ್ಲ.

"ಇಲ್ಲ ಸರ್," ಎಂದಳು, "ಇದನ್ನ ನನ್ನ ಮಕ್ಕಳೇ ಬರೆದದ್ದು."