ಮೂವತ್ತೇಳು ತಪ್ಪುಗಳು

ಮೊದಲ ವಾರ ವಿನುತಾ ಆ ಪುರಸಭೆಯ ಜನನ-ಮರಣ ನೋಂದಣಾಧಿಕಾರಿಯಾಗಿ ಕೆಲಸಕ್ಕೆ ಹಾಜರಾದಳು.

ಎರಡನೆಯ ವಾರ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದಳು.

ಮೂರನೆಯ ವಾರದ ಗುರುವಾರ ಬೆಳಗ್ಗೆ ಲೆಕ್ಕ ಹಾಕಿದಾಗ, ಮೂವತ್ತೇಳು ತಪ್ಪುಗಳು ಸಿಕ್ಕಿದ್ದವು...

ಮೂವತ್ತೇಳೂ ಒಂದೇ ಕೈಬರಹ. ಅದು ಫಕೀರಪ್ಪ ತಳಗೇರಿ ಅವರದು. ಹತ್ತೊಂಬತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿ, ಎರಡು ತಿಂಗಳ ಹಿಂದೆ ತೀರಿಕೊಂಡವರು.

ತಪ್ಪು ಇಷ್ಟೇ... ಆ ಊರಿನಲ್ಲಿ ಮಗುವಿಗೆ ಹೆಸರಿಡುವುದು ಹದಿಮೂರನೆಯ ದಿನ, ತೊಟ್ಟಿಲಿಗೆ ಹಾಕುವಾಗ. ಅದಕ್ಕೂ ಮೊದಲೇ ಕಣ್ಮುಚ್ಚಿದ ಮಗುವಿನ ಮರಣ ದಾಖಲೆಯಲ್ಲಿ ‘ಹೆಸರಿಡದ ಮಗು’ ಎಂದು ಬರೆಯುವುದು ಕಚೇರಿಯ ರೂಢಿ.

ಫಕೀರಪ್ಪನವರು ಮಾತ್ರ ಒಮ್ಮೆಯೂ ಹಾಗೆ ಬರೆದಿರಲಿಲ್ಲ. ನಾಲ್ಕು ದಿನದ ಮಗು... ಹೆಸರು ಬಸಣ್ಣಿ. ಒಂದೇ ದಿನದ ಮಗು... ಹೆಸರು ಮುತ್ತು.

ಆಸ್ಪತ್ರೆಯ ಕಾಗದದಲ್ಲಿ ಇಲ್ಲದ ಈ ಹೆಸರುಗಳು ಎಲ್ಲಿಂದ ಬಂದವು?

ವಿನುತಾ ಬಿ.ಎಸ್ಸಿ. ಓದಿದವಳು. ಆಧಾರವಿಲ್ಲದ ಒಂದು ಅಂಕಿಯನ್ನೂ ತನ್ನ ಲ್ಯಾಬ್ ಪುಸ್ತಕದಲ್ಲಿ ಬರೆದವಳಲ್ಲ. ಮೂವತ್ತೇಳು ಹೆಸರುಗಳನ್ನೂ ತೆಗೆದುಹಾಕಬೇಕೆಂದು ಮೇಲಧಿಕಾರಿಗಳಿಗೆ ವರದಿ ಸಿದ್ಧಪಡಿಸಿದ್ದಳು. ಸಹಿಯೊಂದು ಬಾಕಿ.

ಅಂದೇ ನಾಲ್ಕು ಗಂಟೆಗೆ ಫಕೀರಪ್ಪನವರ ಶ್ರದ್ಧಾಂಜಲಿ ಸಭೆಯಿತ್ತು. ಅವರ ಫೋಟೋಗೆ ಹಾರ ಬೀಳುವ ಮೊದಲೇ ಈ ವರದಿ ಹೊರಡುವುದು ನ್ಯಾಯ ಎಂದು ಅವಳಿಗೆ ತೋರಿತು.

“ಮೇಡಂರೀ, ಇವತ್ತೊಂದಿನ ಆ ಪೆನ್ನಿಗೆ ಸೂಟಿ ಕೊಡ್ರಲ್ಲ,” ಎಂದ ಹಳೆಯ ಜವಾನ ಇಮಾಮಸಾಬ್. “ಸಾಹೇಬ್ರ ಫೋಟೋ ಗೋಡಿಗೆ ಏರೂದೈತಿ.”

“ಫೋಟೋ ಬೇರೆ, ರಿಜಿಸ್ಟರ್ ಬೇರೆ, ಇಮಾಮಸಾಬ್.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಸ್ ನಿಲ್ದಾಣದ ಬಳಿ ಜೋಳದ ರೊಟ್ಟಿ ಮಾರುವ ದ್ಯಾಮವ್ವ.

“ಏನಬೇ ದ್ಯಾಮವ್ವ, ಬರೇ ಬುಟ್ಟಿ ಹೊತಗೊಂಡು ಬಂದಿ? ರೊಟ್ಟಿ ಎಲ್ಲಿ?”

“ಇವತ್ತ ಮಾಡಿಲ್ಲೋ ಇಮಾಮಣ್ಣ. ನಿನ್ನ ಹೊಟ್ಟಿ ನೋಡಿದ್ರ ಒಂದಿನ ಬಿಟ್ರೂ ನಡೀತೈತಿ ಬಿಡು.”

ನಗುತ್ತಲೇ ವಿನುತಾಳ ಮೇಜಿನ ಹತ್ತಿರ ಬಂದಳು... ನಗು ಅಲ್ಲಿಗೆ ನಿಂತಿತು.

“ಯವ್ವಾ, ಸಾಹೇಬ್ರ ಪುಸ್ತಕ ಎಲ್ಲಾ ಕಂಪ್ಯೂಟರಿಗೆ ಹಾಕಾಕತ್ತೀರಂತ... ಹಳೇವು ಒಗೀತೀರೇನ್ರಿ?”

“ಯಾಕಮ್ಮ? ನಿಮಗೇನು ಬೇಕಿತ್ತು?”

“ಏನೂ ಬ್ಯಾಡ್ರಿ. ಅದರಾಗ ನನ್ನ ಮಗಳದೊಂದು ಹೆಸರೈತಿ. ಅದು ಉಳಿತೈತೇನು ಅಂತ ಕೇಳಾಕ ಬಂದೆ.”

ಹದಿನಾಲ್ಕು ವರ್ಷದ ಹಿಂದಿನ ರಿಜಿಸ್ಟರು. ವಿನುತಾ ಹುಡುಕಬೇಕಾಗಿಯೇ ಇರಲಿಲ್ಲ. ದ್ಯಾಮವ್ವ ಎಂಬ ತಾಯಿಯ ಮಗುವಿನ ಹೆಸರು ಅವಳ ಪಟ್ಟಿಯಲ್ಲಿ ಇಪ್ಪತ್ತೆರಡನೆಯ ತಪ್ಪು.

“ಒಂಬತ್ತು ದಿನದ ಮಗು. ತೊಟ್ಟಿಲಿಗೇ ಹಾಕಿರಲಿಲ್ಲವಲ್ಲ? ಹೆಸರು ಹೇಗೆ ಬಂತು?” ದನಿ ಸ್ವಲ್ಪ ಗಡುಸಾಗಿಯೇ ಇತ್ತು.

ದ್ಯಾಮವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ಮನ್ಯಾಗ ಎಲ್ಲಾರೂ ಅಂದ್ರು... ಹೆಸರೇ ಇಟ್ಟಿಲ್ಲ, ಮರತಬಿಡು ಅಂತ. ಇಲ್ಲೆ ಬಂದಾಗ ನಮ್ಮ ಮಾವಾರೂ ಅದನ್ನೇ ಹೇಳಿದ್ರು. ಹೆಸರಿಲ್ಲ ಅಂತ ಬರೀರಿ ಸಾಹೇಬ್ರ, ಅಂದ್ರು.”

“ಆಮೇಲೆ?”

“ಸಾಹೇಬ್ರು ಪೆನ್ನ ಕೆಳಗಿಟ್ರು. ಮಾವಾರ್ನ ಬಿಟ್ಟು ನನ್ನ ಕಡೆ ತಿರುಗಿದ್ರು. ‘ಹಾಲು ಕುಡಸೂಮುಂದ ನೀ ಏನಂತ ಕರೀತಿದ್ದಿ, ತಂಗಿ?’ ಅಂತ ಕೇಳಿದ್ರು...”

ಇಮಾಮಸಾಬ್ ಕಿಟಕಿಯ ಕಡೆ ಮುಖ ತಿರುಗಿಸಿದ.

“ಸಕ್ರವ್ವ ಅಂತ ಕರೀತಿದ್ನಿರಿ. ಕಿವ್ಯಾಗ, ಮೆಲ್ಲಕ. ಕಟ್ಟಿಕೊಂಡ ಗಂಡಗೂ ಹೇಳಿದ್ದಿಲ್ಲ. ಸಾಹೇಬ್ರೊಬ್ರ ಕೇಳಿದ್ರು, ಅವರಿಗೊಬ್ರಿಗೇ ಹೇಳಿದ್ನಿ. ಈಗ ಅವರೂ ಹ್ವಾದ್ರು...”

ದ್ಯಾಮವ್ವ ರಿಜಿಸ್ಟರಿನ ಕಡೆ ಕೈ ತೋರಿದಳು.

“ನನಗ ಓದಾಕ ಬರೂದಿಲ್ಲ. ಒಂದ್ಸಲ ಓದಿ ಹೇಳ್ರಿ, ಯವ್ವಾ. ಬ್ಯಾರೇದವರ ಬಾಯಾಗ ಆ ಹೆಸರು ನಾ ಮತ್ತ ಕೇಳೇ ಇಲ್ಲ.”

ವಿನುತಾ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡಳು. ಓದಿದಳು...

“ಸಕ್ರವ್ವ.”

“ಹ್ಞೂಂರಿ...” ಎಂದಳು ದ್ಯಾಮವ್ವ.

ಶಾಲೆಯಲ್ಲಿ ಹಾಜರಿ ಕರೆದಾಗ, ಮಗಳ ಪರವಾಗಿ ತಾಯಿ ಓಗೊಟ್ಟಂತೆ.

ಮುಂದಿನ ಅಕ್ಷರಗಳು ವಿನುತಾಳಿಗೆ ಮಸುಕಾದವು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಾಗ, ಇಷ್ಟು ದಿನ ಗಮನಿಸದ ಕಾಲಂ ಒಂದು ಕಣ್ಣಿಗೆ ಬಿತ್ತು. ‘ಮಾಹಿತಿ ನೀಡಿದವರು.’ ಸಾಮಾನ್ಯವಾಗಿ ಅಲ್ಲಿ ಮನೆಯ ಗಂಡಸರ ಸಹಿ ಇರುತ್ತದೆ. ಇಲ್ಲಿ ಒಂದು ಸಣ್ಣ ಹೆಬ್ಬೆಟ್ಟಿನ ಗುರುತಿತ್ತು. ಅದರ ಪಕ್ಕದಲ್ಲಿ ಫಕೀರಪ್ಪನವರ ದುಂಡು ಅಕ್ಷರ: ತಾಯಿ.

ಅವಳು ಊಟಕ್ಕೆ ಏಳಲಿಲ್ಲ. ರಿಜಿಸ್ಟರುಗಳನ್ನು ಒಂದೊಂದಾಗಿ ಮತ್ತೆ ತೆರೆದು, ಮೂವತ್ತೇಳು ಪುಟಗಳಲ್ಲೂ ಅದೇ ಕಾಲಂ ನೋಡಿದಳು. ಕೆಲವು ಕಡೆ ಹೆಬ್ಬೆಟ್ಟು, ಕೆಲವು ಕಡೆ ಅಂಕುಡೊಂಕು ಸಹಿ...

ಮೂರೂವರೆಗೆ ಹಳೆಯ ವರದಿಯನ್ನು ಹರಿದು, ಹೊಸದನ್ನು ಬರೆದು ಸಹಿ ಹಾಕಿದಳು.

ಸಭೆಯಲ್ಲಿ ಅಧ್ಯಕ್ಷರು, “ಹೊಸಾ ಮೇಡಂ, ತಾವೂ ಎರಡು ಮಾತು ಹೇಳ್ರಿ,” ಎಂದರು.

ವಿನುತಾ ಭಾಷಣ ಮಾಡಲಿಲ್ಲ. ಆ ವರದಿಯನ್ನೇ ಓದಿದಳು. ಹಿಂದಿನ ಸಾಲಿನಲ್ಲಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ದ್ಯಾಮವ್ವ ಕೇಳಿಸಿಕೊಂಡಳು.

ಆ ಕುರ್ಚಿಯಲ್ಲಿ ನೀವು ಕುಳಿತಿದ್ದರೆ, ಪೆನ್ನು ಕೆಳಗಿಟ್ಟು ಆ ಪ್ರಶ್ನೆ ಕೇಳುತ್ತಿದ್ದಿರಾ...?

ವರದಿಯಲ್ಲಿ ಇದ್ದದ್ದು ಇಷ್ಟು:

‘ಮೂವತ್ತೇಳು ಹೆಸರುಗಳನ್ನೂ ತಾಯಂದಿರೇ ಹೇಳಿದ್ದಾರೆ. ಯಾವ ನಮೂದಿನಲ್ಲೂ ತಪ್ಪು ಕಂಡುಬಂದಿಲ್ಲ.’