ದುರಗವ್ವನ ಹುಲ್ಲುಗಾವಲು

"ಬೆಳಗಾದರ ಕುರಿ ಹೊಡಕೊಂಡು ಆ ದುರಗವ್ವನ ಹುಲ್ಲಿಗೇ ಹೋಗಬೇಕೇನು ನೀ? ನಮ್ಮ ಹುಲ್ಲಿಗೇನು ಬ್ಯಾನಿ ಬಂದೈತಿ?" ಎಂದು ಕೆಂಚವ್ವ ಗಂಡನ ಮೇಲೆ ಹರಿಹಾಯ್ದಳು.

"ಕಸ ಕಸ ಅಂತ ಎಲ್ಲಾ ಕಿತ್ತು ಒಂದ ನಮೂನಿ ಹುಲ್ಲು ಉಳಿಸೀದಿ. ಮಾಗಿ ಬಂತು, ಅದೂ ಒಣಗಿತು. ಆಕೀ ಹೊಲದಾಗ ಇಪ್ಪತ್ತು ನಮೂನಿ ಅದಾವ. ಒಂದು ಒಣಗಿದರ ಇನ್ನೊಂದು ಚಿಗುರತೈತಿ."

"ಹುಲ್ಲು ನೋಡಾಕ ಹೋಗ್ತೀಯೋ, ಆಕೀ ಮಾರಿ ನೋಡಾಕೋ?"

ಅವನು ಕೋಲು ಹಿಡಿದು, ಕುರಿ ಬಿಟ್ಟುಕೊಂಡು ಹೊರಟೇಹೋದ.

ಕೆಂಚವ್ವನ ಹೊಟ್ಟೆಯುರಿ ಆರಲಿಲ್ಲ. ಮಧ್ಯಾಹ್ನ ದುರಗವ್ವನ ಹುಲ್ಲುಗಾವಲಿಗೇ ನುಗ್ಗಿದಳು. ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು. ದುರಗವ್ವ ಒಬ್ಬಳೇ ಇದ್ದಳು.

"ನನ್ನ ಗಂಡನ್ನ ಎಲ್ಲಿ ಬಚ್ಚಿಟ್ಟೀಯವ್ವಾ?"

"ಅವನ ಮಾರಿ ನಾ ಸರಿಯಾಗಿ ನೋಡೇ ಇಲ್ಲ. ದಿನಾ ಕುರಿ ಇಲ್ಲಿ ಬಿಟ್ಟು ಹೊಳಿ ದಾಟಿ ಹೋಗ್ತಾನ. ಹೊಲಕ್ಕ ಗೊಬ್ಬರ ಬೀಳತೈತಿ ಅಂತ ನಾನೂ ಸುಮ್ಮನದೀನಿ. ಇಂಥಾ ಮೇವು ಬಿಟ್ಟು ಕುರಿ ಎಲ್ಲೂ ಹೋಗಂಗಿಲ್ಲ ಅಂತ ಅವಗ ಗೊತ್ತೈತಿ."

"ಹೊಳಿ ದಾಟಿ ಯಾರ ಮನಿಗೆ?"

"ಅದನ್ನ ಅವನ್ನ ಕೇಳವ್ವಾ."

ಸಂಜೆ ಹೊಟ್ಟೆ ತುಂಬಿದ ಕುರಿಗಳು ತಾವಾಗಿಯೇ ಮನೆಗೆ ಬಂದವು. ಗಂಡ ಬರಲೇ ಇಲ್ಲ.