ಮೊಣಕೈಗೆ ಮಣ್ಣು

"ಕೋಚ್ ಮಾರ್ಕೆಟ್ಟಿ ನಮ್ಮ ಮನೆಯವರ ಹಾಗೇ ಇದ್ದರು," ಅಂತ ಅಪ್ಪ ಮೈಕಿನಲ್ಲಿ ಹೇಳುವಾಗ ನಕುಲ್ ಹಲ್ಲು ಕಚ್ಚಿ ಕೂತಿದ್ದ. ಎಡಿಸನ್ ಊರಿನ ಬೇಸ್‌ಬಾಲ್ ಮೈದಾನದ ನಡುವೆ ಇಟ್ಟಿದ್ದ, ತೀರಿಕೊಂಡ ಕೋಚ್ ಫೋಟೋಗೆ ಪಕ್ಕದ ಐಸೆಲಿನ್ನಿನ ಇಂಡಿಯನ್ ಅಂಗಡಿಯಿಂದ ತಂದ ಮಲ್ಲಿಗೆ ಹಾರ. ಅದೇ ಕೋಚನ್ನು ವರ್ಷಗಳ ಹಿಂದೆ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದರು. ನಕುಲ್‌ಗೆ ಆಟ ಕಲಿಸುತ್ತ, ಕಾಲೇಜು ತಂಡಗಳಿಗೆ ಹುಡುಗರನ್ನು ಹುಡುಕಿಕೊಡುತ್ತಿದ್ದ ಆ ಮನುಷ್ಯ, "ಇಂಥ ಕೈ ಅಪರೂಪ, ಇವನನ್ನು ನನ್ನ ಜೊತೆ ಕಳಿಸಿ" ಅಂತ ಕೇಳಲು ಬಂದಿದ್ದರು.

"ಯಾವ ಬಾಯಲ್ಲಿ ಹೇಳ್ತಾರಮ್ಮ ಇದನ್ನ?"

"ಬಿಡೋ," ಎಂದರು ಪಕ್ಕದಲ್ಲಿದ್ದ ಅಮ್ಮ. "ನಿನ್ನ ಒಂದು ಗೇಮೂ ಅವರು ನೋಡಿರಲಿಲ್ಲ. ಗೊತ್ತಿಲ್ಲದೆ ಬೇಡ ಅಂದ್ರು." ಇಷ್ಟು ವರ್ಷ ಅಪ್ಪ ಹೇಳಿಕೊಂಡು ಬಂದದ್ದೂ ಅದನ್ನೇ. ಅದನ್ನು ನಂಬಿಯೇ ನಕುಲ್ ಹೇಗೋ ಕ್ಷಮಿಸಿದ್ದ.

ಭಾಷಣ ಮುಗಿಸಿ ಅಪ್ಪ ಹೂ ಹಿಡಿದು ಫೋಟೋ ಕಡೆ ನಡೆದರು. ಉಳಿದ ಅಂಕಲ್‌ಗಳೆಲ್ಲ ಮೈದಾನದ ಬಿಳಿ ಗೆರೆಯನ್ನು ತುಳಿದುಕೊಂಡೇ ಹೋಗಿದ್ದರು. ಅಪ್ಪ ಗೆರೆಯ ಹತ್ತಿರ ನಿಂತರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಕೋಟಿನ ಬಲ ಮೊಣಕೈಗೆ ಉಜ್ಜಿಕೊಂಡರು. ಆಮೇಲೆ ಗೆರೆ ತುಳಿಯದೆ ದಾಟಿದರು.

ಅದು ಕೋಚ್ ತಮ್ಮ ಹುಡುಗರಿಗಷ್ಟೇ ಕಲಿಸಿದ್ದ ಪದ್ಧತಿ. ಚೆಂಡೆಸೆಯಲು ಹೋಗುವಾಗ ಪ್ರತಿ ಸಲ ನಕುಲ್ ಮಾಡುತ್ತಿದ್ದದ್ದೂ ಹಾಗೇ. ಮನೆಯಲ್ಲಿ ಯಾರಿಗೂ ಅವನು ಅದನ್ನು ಹೇಳಿರಲಿಲ್ಲ. ಬೇಲಿಯಾಚೆ ಕಾರಿನಲ್ಲಿ ಕೂತು, ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಗೊತ್ತಿರಲು ಸಾಧ್ಯ.

ಅಪ್ಪ ಎಲ್ಲ ನೋಡಿದ್ದರು. ನೋಡಿಯೇ ಬೇಡ ಅಂದಿದ್ದರು.

ಅಮ್ಮ ಹಿಡಿದ ಕೈಯನ್ನು ಕೊಡವಿ ನಕುಲ್ ಎದ್ದ.